ಕೊಳಲಿನ ಧಾಟಿ ಯಾರದು

ಕೊಳಲು ಶುರುವಾದದ್ದೇ ತಡ, ಸೌಂದರ್ಯಾ ತಟ್ಟನೆ ತಲೆಯೆತ್ತಿದಳು. ಲಂಡನ್ನಿನ ಈಲಿಂಗ್‌ನ ಚರ್ಚಿನಲ್ಲಿ ಕೂತು ರಿಹರ್ಸಲ್ ಕೇಳುತ್ತಿದ್ದವಳಿಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅದು ಅವಳದೇ ಧಾಟಿ. ಹೋದ ವರ್ಷ ವೆಸ್ನಾ ಮೇಡಂ ಅವರ ಪಾಠಕ್ಕೆಂದು ತಾನೇ ರಚಿಸಿಕೊಂಡು ಹೋಗಿದ್ದದ್ದು. ಕೊನೆಯ ಸ್ವರವನ್ನು ಮೇಡಂ ತಿದ್ದಿದ್ದರು. ಆ ತಿದ್ದುಪಡಿಯ ಸಮೇತ ಅದೀಗ ಅವರು ವಾದ್ಯವೃಂದಕ್ಕೆಂದು ಬರೆದ ಸಿಂಫನಿಯೊಳಗೆ ಬಂದು ಕೂತಿತ್ತು.

ಕದ್ದರೇ? ಛೆ, ಮೇಡಂ ಅಂಥವರಲ್ಲ. ಶಿಷ್ಯರು ಬರೆದು ತಂದದ್ದನ್ನು ಅವರು ಕಾಗದದಲ್ಲಿ ನೋಡಿ ಬಿಡುತ್ತಿರಲಿಲ್ಲ, ತಾವೇ ಹಾಡಿ ಹಾಡಿ ತೂಗಿ ನೋಡುತ್ತಿದ್ದರು. ವರ್ಷಗಟ್ಟಲೆ ಮಂದಿಯ ಧಾಟಿಗಳನ್ನೆಲ್ಲ ಗಂಟಲಲ್ಲಿ ತುಂಬಿಕೊಂಡರೆ ಯಾವುದು ಯಾರದೆಂದು ನೆನಪಿರುವುದಾದರೂ ಹೇಗೆ?

ವೆಸ್ನಾ ಓಬ್ರಾದೋವಿಚ್ ಬೆಲ್‌ಗ್ರೇಡ್‌ನಲ್ಲಿ ಹೆಸರು ಮಾಡುತ್ತಿದ್ದ ಸಂಯೋಜಕಿ. ತೊಂಬತ್ತರ ದಶಕದಲ್ಲಿ ಅಲ್ಲಿ ಯುದ್ಧ ಬಂದಾಗ ಎಲ್ಲ ಬಿಟ್ಟು ಲಂಡನ್ನಿಗೆ ಬಂದವರು, ವೆಂಬ್ಲಿಯ ಫ್ಲ್ಯಾಟಿನಲ್ಲಿ ಪಿಯಾನೋ ಕಲಿಸುತ್ತಲೇ ಮುದುಕಿಯಾದರು. ಅವರು ಬರೆದದ್ದನ್ನು ಇಲ್ಲಿ ಯಾರೂ ನುಡಿಸಲಿಲ್ಲ. ಎಪ್ಪತ್ತು ದಾಟಿದ ಮೇಲೆ ಈಗ ಒಂದು ವಾದ್ಯವೃಂದ ಅವರ ಸಿಂಫನಿಯನ್ನು ಕೈಗೆತ್ತಿಕೊಂಡಿದೆ. ನಾಳೆಯೇ ಕಛೇರಿ. ಈಗ ಬಾಯಿಬಿಟ್ಟರೆ ಆ ಜೀವ ತಡೆದೀತೆ? ಬಿಡದಿದ್ದರೆ, ಧಾರವಾಡದ ಸೌಂದರ್ಯಾ ತನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಒಂದು ಧಾಟಿ ಕೈತಪ್ಪಿಹೋಗುತ್ತದೆ.

ವಿರಾಮದಲ್ಲಿ ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು. ಹೌನ್ಸ್ಲೋದ ಆಫೀಸಿನಲ್ಲಿದ್ದ ನಚಿಕೇತ ಕೇಳಿ ಉರಿದೆದ್ದ.

"ನಿಂದ ಐತಿ ಅಂದಮ್ಯಾಲೆ ಸುಮ್ಮ ಯಾಕ ಕುಂತಿ? ಹೋಗಿ ಹೇಳು."

"ಅವ್ರ ಮುಖಾ ನೀ ನೋಡಿಲ್ಲ. ನನ್ನ ಕೈಲೆ ಆಗೂದಿಲ್ಲ."

ಒಳಗೆ ಬಂದರೆ ಮೇಡಂ ಅವಳ ದಾರಿಯನ್ನೇ ಕಾಯುತ್ತಿದ್ದರು.

"ನನ್ನ ಸಿಂಫನಿ ಎಲ್ಲಿ ಸಪ್ಪೆಯಾಗಿದೆ, ಹೇಳು."

"ಎಲ್ಲೂ ಇಲ್ಲ ಮೇಡಂ." ಎಂದವಳ ಕಣ್ಣು ಕೊಳಲಿನವನತ್ತ ಹರಿಯಿತು.

ಮೇಡಂ ಅವಳನ್ನೇ ದಿಟ್ಟಿಸಿದರು. ಕೊಳಲಿನ ಧಾಟಿಯನ್ನು ಗುನುಗಿದರು, ನಿಲ್ಲಿಸಿದರು, ಮತ್ತೆ ಗುನುಗಿದರು. ಈ ಸಲ ಕೊನೆಯ ಸ್ವರ ಬೇರೆ ಬಂತು, ತಿದ್ದುವ ಮೊದಲು ಸೌಂದರ್ಯಾ ಬರೆದಿದ್ದ ಹಾಗೆ. ಅವರ ಮುಖ ಬಿಳಿಚಿಕೊಂಡಿತು.

"ಇದು ನಿನ್ನದು."

"ಅಲ್ಲ ಮೇಡಂ, ನಿಮ್ಮದೇ." ಅವರ ಮುಖ ನೋಡಲಾರದೆ ಆಡಿದ ಸುಳ್ಳು.

ಮೇಡಂ ಕೆಂಡವಾದರು. ವಾದ್ಯದವರೆಲ್ಲ ತಿರುಗಿ ನೋಡಿದರು.

"ನನ್ನ ಮೇಲೆ ಕನಿಕರವೇ? ಊರು ಹೋಯಿತು, ಮನೆ ಹೋಯಿತು, ನನ್ನದು ಅಂತ ಉಳಿದದ್ದು ಈ ಸಂಗೀತ ಮಾತ್ರ. ಅದರಲ್ಲಿ ಕದ್ದ ಮಾಲು ಇರಕೂಡದು. ತನ್ನದನ್ನು ತನ್ನದೆನ್ನಲು ಹೆದರುವವಳು ನನ್ನ ಶಿಷ್ಯೆಯೇ ಅಲ್ಲ. ಕೊನೇ ಸಲ ಕೇಳುತ್ತೇನೆ. ಯಾರದು?"

ನಿಜ ಹೇಳಿದರೆ ಮೇಡಂ ನೊಂದಾರೆಂದು ಹೆದರಿದ್ದ ಸೌಂದರ್ಯಾಳಿಗೆ, ಸುಳ್ಳು ಹೇಳಿದ್ದಕ್ಕೇ ಅವರು ನೊಂದು ದೂರವಾಗುತ್ತಿದ್ದಾರೆಂದು ಆಗ ಅರ್ಥವಾಯಿತು.

"ನನ್ನದು," ಎಂದಳು. ಮೆಲ್ಲಗಾಯಿತೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು, "ನನ್ನದು."

ಮೇಡಂ ಕಣ್ಣೊರೆಸಿಕೊಂಡರು. ನಾಳೆ ಇವಳ ಹೆಸರನ್ನೂ ಹೇಳಬೇಕು, ಇಲ್ಲವಾದರೆ ಕಛೇರಿಯೇ ಬೇಡ ಎಂದು ವಾದ್ಯವೃಂದದ ನಿರ್ದೇಶಕನಿಗೆ ಖಡಾಖಂಡಿತವಾಗಿ ಹೇಳಿದರು. ಆಮೇಲೆ ಸೌಂದರ್ಯಾಳ ರಟ್ಟೆ ಹಿಡಿದು ತಂದು ಕೊಳಲಿನವನ ಮುಂದೆ ನಿಲ್ಲಿಸಿದರು.

"ಹೇಗೆ ನುಡಿಸಬೇಕೆಂದು ಇವಳನ್ನು ಕೇಳಿ, ನನ್ನನ್ನಲ್ಲ," ಎಂದು ಪಕ್ಕಕ್ಕೆ ಸರಿದು ನಿಂತರು.