ಅಳಿಯ ಅಳೆದ ಚಿಮಣಿ

ಅಳಿಯ ಅಲ್ಲ, ಮಗಳ ಗಂಡ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಆ ಬೆಳಿಗ್ಗೆ ಲಾಂಡ್ರಿಯ ತಾರಸಿಯಲ್ಲಿ ಕೂತಿದ್ದವನು, ತಾನು ಅಳಿಯನೂ ಅಲ್ಲ, ಮಗಳ ಗಂಡನೂ ಅಲ್ಲ, ಬರೀ ಅಳತೆಗಾರ ಎಂದು ಮೂರು ಸಲ ತನಗೆ ತಾನೇ ಹೇಳಿಕೊಂಡಿದ್ದ. ಮೂರು ಸಲ ಹೇಳಿಕೊಳ್ಳಬೇಕಾದ ಮಾತು ಎಷ್ಟು ನಿಜವಿದ್ದೀತು ಎಂಬುದು ಬೇರೆ ಪ್ರಶ್ನೆ.

ರಸ್ತೆಯಾಚೆ ಮುಚ್ಚಿಹೋದ ನೂಲಿನ ಗಿರಣಿಯ ಇಟ್ಟಿಗೆ ಚಿಮಣಿ ನಿಂತಿತ್ತು. ಹಿಂದೊಮ್ಮೆ ಸಿಡಿಲು ಬಡಿದು ಅದರ ತಲೆ ಉದುರಿದಾಗ ಮೇಲಿನ ಮೂವತ್ತು ಅಡಿಯನ್ನು ಮತ್ತೆ ಕಟ್ಟಿದವರು ಅವನ ಮಾವ. ಮೇಸ್ತ್ರಿ ಕೆಲಸ ಬಿಟ್ಟು ಎಂಟು ವರ್ಷವಾಗಿದ್ದರೂ, ಮನೆಗೆ ಬಂದವರನ್ನೆಲ್ಲ ಕಿಟಕಿಗೆ ಕರೆದೊಯ್ದು "ಆ ತಲೆ ನಂದು" ಎಂದು ತೋರಿಸದೆ ಬಿಡುತ್ತಿರಲಿಲ್ಲ. ಈಗ ಪಕ್ಕದಲ್ಲಿ ಶಾಲೆ ಬರುತ್ತದೆ. ಚಿಮಣಿ ಗಟ್ಟಿಯಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ವಾರ ನೆಲಕ್ಕೆ. ಅದನ್ನು ರೇಡಾರಿನಿಂದ ಅಳೆದು ಹೇಳುವ ಕೆಲಸ ಅಳಿಯನ ಕಚೇರಿಯದು. "ಅದು ನಮ್ಮ ಮಾವಂದು, ಬೇರೆಯವರನ್ನ ಕಳಿಸಿ" ಎಂದು ಅಳಿಯ ಮೇಲಧಿಕಾರಿಯನ್ನು ಬೇಡಿಕೊಂಡಿದ್ದ. "ರೇಡಾರಿಗೆ ಮಾವ ಯಾರು, ಅಳಿಯ ಯಾರು ಗೊತ್ತಾಗಲ್ಲ, ಹೋಗಿ" ಎಂದಿದ್ದರು ಆಕೆ.

ತಾರಸಿಯ ನೆಲ ಇಳಿಜಾರಾಗಿತ್ತೆಂದು ಲಾಂಡ್ರಿಯವರು ಹಲಗೆಗಳನ್ನು ಜೋಡಿಸಿ ಸಮ ಮಾಡಿಕೊಟ್ಟಿದ್ದರು. ಹಲಗೆಯ ಒಂದು ತುದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ರೇಡಾರಿನ ಬಿಳಿ ಡಬ್ಬಿ. ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಳಿಯ. ಹಲಗೆಯ ಮೇಲೆ ಯಂತ್ರ ಇಡಬಾರದೆಂದು ಪುಸ್ತಕದಲ್ಲಿದೆ. ಆದರೆ ಅಳತೆ ನೋಡಲೆಂದು ಬಂದ ಮಾವ ಬೆನ್ನ ಹಿಂದೆ ನಿಂತಿರುವಾಗ ಪುಸ್ತಕ ಯಾರಿಗೆ ನೆನಪಿರುತ್ತದೆ?

"ಅಳಿಯಂದ್ರೇ, ಮುಟ್ಟದೆ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದರು ಮಾವ.

"ಇಲ್ಲಿಂದ ಅಲೆ ಹೋಗುತ್ತೆ ಮಾವ, ಚಿಮಣಿಗೆ ಬಡಿದು ವಾಪಸ್ ಬರುತ್ತೆ. ಚಿಮಣಿ ಕೂದಲೆಳೆಯಷ್ಟು ಆಚೀಚೆ ಆದ್ರೂ ಬರೋ ಅಲೆಯಲ್ಲಿ ಕಾಣುತ್ತೆ."

"ನಾವು ತುದೀಗೆ ಹತ್ತಿ ಇಟ್ಟಿಗೆ ಇಟ್ಟಿಗೆ ತಟ್ಟಿ ನೋಡ್ತಿದ್ವಿ. ನೀವು ಕುರ್ಚಿ ಬಿಟ್ಟು ಏಳದೇ ಮುಗಿಸ್ತೀರಿ. ಪುಣ್ಯವಂತರು."

ಪರದೆಯ ಮೇಲೆ ಗೆರೆ ಮೂಡಿತು. ಚಿಮಣಿಯ ತುದಿ ಸೆಕೆಂಡಿಗೆ ಐದು ಸಲ ನಡುಗುತ್ತಿತ್ತು. ಅಷ್ಟು ಎತ್ತರದ್ದು ನಿಧಾನವಾಗಿ ತೂಗಬೇಕು. ಚಳಿಜ್ವರ ಬಂದವರ ಹಾಗೆ ನಡುಗಿದರೆ ಮೇಲಿನ ಭಾಗ ಸಡಿಲವಾಗಿದೆ ಎಂದುಕೊಂಡ. ಮೇಲಿನ ಭಾಗ ಎಂದರೆ ಮಾವನ ಭಾಗ. ಮತ್ತೆ ಅಳೆದ. ಈ ಸಲ ಇನ್ನೂ ಜೋರು. ಮೂರನೆಯ ಸಲ ಅದಕ್ಕಿಂತ ಜೋರು. ಮೂಲೆಗೆ ಹೋಗಿ ಮೇಲಧಿಕಾರಿಗೆ ಫೋನ್ ಮಾಡಿ, "ತಲೆ ಸರಿಯಿಲ್ಲ, ಮೇಡಂ" ಎಂದ.

"ಯಾರದು?"

"ಚಿಮಣಿದು."

"ಸರಿ. ಹನ್ನೆರಡು ಗಂಟೆಗೆ ಕೆಡವೋ ಕಾಗದ ಕಳಿಸ್ತೀನಿ."

ಬಂದು ಕುರ್ಚಿಯಲ್ಲಿ ಕುಸಿದವನು ಮಾವನಿಗೆ ಹೇಳಲೇಬೇಕಾಯಿತು. ಅವರು ಕನ್ನಡಕ ಒರೆಸಿ ಹಾಕಿಕೊಂಡು, "ತೋರಿಸಿ" ಎಂದರು.

"ಇದು ತುದಿ. ಇದು ನಡು. ಇದು ಬುಡ."

"ಮೂರೂ ಒಂದೇ ತರ ಇದೆಯಲ್ಲ?"

ಅಳಿಯ ಪರದೆಗೆ ಬಾಗಿದ. ಬೆಳಿಗ್ಗೆಯಿಂದ ಅವನು ತುದಿಯ ಗೆರೆಯೊಂದನ್ನೇ ನೋಡಿದ್ದ.

"ಬುಡ ನೆಲದೊಳಗೆ ಹೂತಿದೆ ಅಳಿಯಂದ್ರೇ. ಅದೂ ತುದಿಯಷ್ಟೇ ಅಲ್ಲಾಡಿದ್ರೆ ಅದನ್ನ ಭೂಕಂಪ ಅಂತಾರೆ. ಈ ಕೊನೇ ಗೆರೆ ಏನು?"

"ಬೀದಿ ದೀಪದ ಕಂಬ."

"ಅದೂ ಕುಣೀತಿದೆ."

ಹೌದು, ಕಂಡದ್ದೆಲ್ಲ ಸೆಕೆಂಡಿಗೆ ಐದು ಸಲ ಕುಣಿಯುತ್ತಿತ್ತು. ಎಲ್ಲವೂ ಒಂದೇ ತಾಳಕ್ಕೆ ಕುಣಿದರೆ ಕುಣಿಯುತ್ತಿರುವುದು ಡಬ್ಬಿಯೇ. ಮಾವನ ಕಣ್ಣು ಆಗಲೇ ಹಲಗೆಯುದ್ದಕ್ಕೂ ಸಾಗಿ ಅಳಿಯನ ಎಡಗಾಲಿಗೆ ಬಂದು ನಿಂತಿತ್ತು. ಆ ಕಾಲು ಯಾರ ಅಪ್ಪಣೆಗೂ ಕಾಯದೆ ಹಿಮ್ಮಡಿಯಿಂದ ಹಲಗೆಯನ್ನು ಟಕಟಕ ಕುಟ್ಟುತ್ತಿತ್ತು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ಇಷ್ಟು ಚೆನ್ನಾಗಿ ಕುಣಿಯೋರೂ ಚಿಮಣಿ ಡೊಂಕು ಅಂತಾರಲ್ಲ!" ಎಂದರು ಮಾವ.

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಇಬ್ಬರೂ ಹಲಗೆಯಿಂದ ಇಳಿದು ದೂರ ನಿಂತು ಹೊಸದಾಗಿ ಅಳೆದರು. ಬುಡ ಕದಲಲಿಲ್ಲ. ತುದಿ ಮಾತ್ರ ಎರಡು ಸೆಕೆಂಡಿಗೊಮ್ಮೆ, ಅರ್ಧ ಮಿಲಿಮೀಟರಿನಷ್ಟು, ನಿಧಾನವಾಗಿ ತೂಗಿತು.

"ಅಂದ್ರೆ ಅಲ್ಲಾಡೋದು ನಿಜಾನೇ?" ಮಾವನ ದನಿ ಇಳಿಯಿತು.

"ಅಷ್ಟು ಅಲ್ಲಾಡ್ಲೇಬೇಕು ಮಾವ. ನೀವು ಕಟ್ಟಿದ್ದು ಗಟ್ಟಿಯಾಗಿದೆ."

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅಳಿಯ ಮತ್ತೆ ಫೋನ್ ಮಾಡಿದ.

"ಮೇಡಂ, ಚಿಮಣಿ ಸರಿಯಿದೆ. ಮೊದಲಿನ ಅಳತೆ ತಪ್ಪು."

"ಯಾಕೆ ತಪ್ಪಾಯ್ತು? ಕಾರಣ ಬರೀಬೇಕು ನಾನು. ಅದೂ ನಿಮ್ಮ ಮಾವಂದು ಅಂತ ಇಲ್ಲಿ ಎಲ್ಲರಿಗೂ ಗೊತ್ತು."

"ಗಾಳಿ ಅನ್ನಿ," ಪಕ್ಕದಿಂದ ಮಾವ ಪಿಸುಗುಟ್ಟಿದರು. "ಗಾಳಿ ಅನ್ನಿ, ಯಾರು ಕೇಳ್ತಾರೆ?"

ಗಾಳಿ ಎಂದರೆ ಅಳಿಯನ ಮಾನ ಉಳಿಯುತ್ತಿತ್ತು. ಆದರೆ ಗಾಳಿ ನಾಳೆಯೂ ಬೀಸುತ್ತದೆ, ಚಿಮಣಿಯ ಮೇಲಿನ ಅನುಮಾನ ಹಾಗೇ ಉಳಿಯುತ್ತದೆ.

"ನನ್ನ ಎಡಗಾಲು, ಮೇಡಂ. ಮಾವ ಪಕ್ಕದಲ್ಲಿದ್ರು. ಹೆದರಿಕೆಗೆ ಕುಣೀತಿತ್ತು."

ಆ ಕಡೆ ಮೊದಲು ಒಬ್ಬರ ನಗು, ಆಮೇಲೆ ಇಡೀ ಕಚೇರಿಯದು. "ಅದನ್ನೇ ಬರೆದು ಸಹಿ ಹಾಕಿ ಕಳಿಸಿ. ಕಾಗದ ಹರಿದು ಹಾಕ್ತೀನಿ" ಎಂದರು ಆಕೆ, ಉಸಿರು ತಿರುಗಿದ ಮೇಲೆ.

'ದೋಷಕ್ಕೆ ಕಾರಣ: ಅಳತೆಗಾರನ ಎಡಗಾಲು' ಎಂದು ಬರೆದು ಅಳಿಯ ಸಹಿ ಹಾಕಿದ. ಮಾವ ಅದನ್ನು ಎರಡು ಸಲ ಓದಿದರು. ಅವರಿಗೆ ನಗು ಬರಲಿಲ್ಲ.

"ಬೆಳಿಗ್ಗೆಯಿಂದ ನನ್ನೆದೆ ನಿಮ್ಮ ಕಾಲಿಗಿಂತ ಜೋರಾಗಿ ಹೊಡ್ಕೊಳ್ತಿತ್ತು ಅಳಿಯಂದ್ರೇ. ಸದ್ಯ, ಅದು ನಿಮ್ಮ ಡಬ್ಬಿಗೆ ಕಾಣ್ಲಿಲ್ಲ."

"ಈ ಕಡೆ ತಿರುಗಿಸಿದ್ರೆ ಅದೂ ಕಾಣುತ್ತೆ ಮಾವ."

"ಬೇಡ, ಬೇಡ" ಎನ್ನುತ್ತ ಮಾವ ಎರಡೂ ಕೈಗಳನ್ನು ಎದೆಗೆ ಅಡ್ಡ ಹಿಡಿದು ನೀರಿನ ತೊಟ್ಟಿಯ ಹಿಂದೆ ಸರಿದರು.