ಮನೆಯವರು ಕುಡಿಯುವ ಕಾಫಿ

ಹರಿಹರದ ಹೊಳೆ ಕಡೆಯ ಕೇರಿಯಲ್ಲಿ ರಂಗವ್ವನ ಮನೆಯ ಸಕ್ಕರೆ ಡಬ್ಬಿ ಅಟ್ಟದಿಂದ ಇಳಿಯುತ್ತಿದ್ದುದು ಒಬ್ಬನೇ ಒಬ್ಬ ಮನುಷ್ಯನಿಗಾಗಿ. ರೇಷನ್ ಬಂದ ದಿನ ಮೊಮ್ಮಕ್ಕಳು ಬೆರಳು ಅದ್ದಲು ಬಂದರೆ, "ಕೊಟ್ಟೂರಪ್ಪಾರಿಗೆ ಐತಲೇ ಅದು, ಕೈ ತೆಗೀರಿ" ಎಂದು ಗದರಿಸುತ್ತಿದ್ದಳು.

ಕೊಟ್ಟೂರಪ್ಪ ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರ ಮಗ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅವನು ಮೊದಲ ಸಲ ಕೇರಿಗೆ ಬಂದು, ರಂಗವ್ವನ ಚಾಪೆಯ ಮೇಲೆ ಕೂತು, ಅವಳ ಕೈಯ ಕಾಫಿಯನ್ನು ಇಡೀ ಬೀದಿಗೆ ಕಾಣುವಂತೆ ಕುಡಿದಿದ್ದ. ಆ ಒಂದು ಲೋಟಕ್ಕೆ ಅವನ ಅಪ್ಪ ಅವನ ತಟ್ಟೆಯನ್ನು ಹಿತ್ತಿಲಿಗೆ ಹಾಕಿಸಿದ. ಇವನು ತಟ್ಟೆಯ ಜೊತೆ ಮನೆಯನ್ನೂ ಬಿಟ್ಟು ಬಂದ. ಅಂದಿನಿಂದ ಕೇರಿಗೆ ಬಂದರೆ ಮನೆಮನೆಯಲ್ಲೂ ಕಾಫಿ. ಒಂದು ಬಾಗಿಲು ದಾಟಿ ಹೋದರೂ ಆ ಮನೆಯವರು ರಾತ್ರಿಯಿಡೀ ನೊಂದುಕೊಳ್ಳುತ್ತಿದ್ದರು. ತಮ್ಮ ಲೋಟವನ್ನು ಮೇಲ್ಜಾತಿಯವರು ಯಾರೂ ಮುಟ್ಟದೆ ನೂರಾರು ವರ್ಷ ಬದುಕಿದವರ ನೋವು ಅದು, ಕೆಣಕಿದರೆ ಸಾಕು, ಹಸಿಯಾಗುತ್ತಿತ್ತು. ಅದಕ್ಕೇ ಅವನಿಗೆ ಕೊಡುವ ಕಾಫಿಯಲ್ಲಿ ಗಟ್ಟಿ ಹಾಲು, ಅದರ ಮೇಲೆ ಕೆನೆ, ಚಮಚ ನಿಲ್ಲುವಷ್ಟು ಸಕ್ಕರೆ. ಇಲ್ಲದವರು ಬೆಲ್ಲ ಜಜ್ಜಿ ಹಾಕುತ್ತಿದ್ದರು.

ಆ ದಿನ ಅವನು ಕುಂಟುತ್ತ ಬಂದ. ಬಲಗಾಲ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಜೊತೆಗೆ ಟೈಲರ್ ಹಿದಾಯತ್. ಮನೆ ನಿವೇಶನದ ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಮೆರವಣಿಗೆ ಹೊರಡಬೇಕಿತ್ತು, ಅದಕ್ಕೆ ಮನೆಮನೆಗೆ ಹೇಳಲು ಇಬ್ಬರೂ ಬಂದಿದ್ದರು.

"ಬರ್ರಿ, ಕೂಡ್ರಿ" ಎಂದ ರಂಗವ್ವ ಆಗಲೇ ಸಕ್ಕರೆ ಕಲಕುತ್ತಿದ್ದಳು.

"ಅಕ್ಕಾ, ಇವತ್ತು ಇವರಿಗೆ ಕಾಫಿ ಬ್ಯಾಡ" ಎಂದ ಹಿದಾಯತ್.

ರಂಗವ್ವನ ಚಮಚ ನಿಂತಿತು. "ಯಾಕ? ಅಪ್ಪನ ಮನಿಗೆ ಹೋಗಿ ಶುದ್ಧ ಮಾಡಿಸ್ಕೊಂಡು ಬಂದ್ರೇನು?"

"ಏ ಹಿದಾಯತ್, ಬಾಯಿ ಮುಚ್ಚು" ಎಂದ ಕೊಟ್ಟೂರಪ್ಪ. "ಕೊಡವ್ವ ನೀನು." ಲೋಟ ಅವನ ಕೈಗೆ ಹೋಯಿತು.

"ಮುಚ್ಚಲ್ಲ!" ಹಿದಾಯತ್ ಎದ್ದೇ ನಿಂತ. "ಅಕ್ಕಾ, ದಾವಣಗೆರಿ ದವಾಖಾನಿಗೆ ನಾನೇ ಕರ್ಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ. ಗಾಯ ಮಾಯ್ತಾ ಇಲ್ಲ. 'ಹೋಳಿಗಿ ಮುಟ್ಟಲ್ಲ, ಲಾಡು ಮುಟ್ಟಲ್ಲ, ಸಿಹಿ ಎಲ್ಲಿಂದ ಬಂತು ನನಗೆ' ಅಂತ ಎದಿ ತಟ್ಟಿದ್ರು ಈ ಸಾಹೇಬ್ರು. 'ಕಾಫಿ ಎಷ್ಟು ಕುಡೀತೀರಿ?' ಅಂದ್ರು ಡಾಕ್ಟ್ರು. 'ಮನಿಗೊಂದು.' 'ಎಷ್ಟು ಮನಿ?' ಇವರು ಗಪ್‌ಚುಪ್! ಲೋಟದಾಗ ಕರಗಿದ ಸಕ್ಕರಿ ಕಣ್ಣಿಗೆ ಕಾಣಲ್ಲ, ಹೊಟ್ಟಿಗೆ ಮಾತ್ರ ಪೂರಾ ಲೆಕ್ಕ ಸಿಗ್ತದೆ ಅಂದ್ರು. ಆ ಕೆನಿ, ಆ ಹಾಲು, ಇವರು ಕುಡಿಯೋ ಕಾಫಿ ಒಂದು ಮದುವಿ ಊಟ ಅಂತ. ಹಿಂಗೇ ಹೋದ್ರ ಬೆರಳು ತೆಗೀಬೇಕು, ಆಮ್ಯಾಲೆ ಪಾದ."

ರಂಗವ್ವ ಆ ಬಟ್ಟೆ ಸುತ್ತಿದ ಬೆರಳನ್ನೇ ನೋಡಿದಳು. ತಾನು ಪ್ರೀತಿಯಿಂದ ಹಾಕಿದ ಒಂದೊಂದು ಚಮಚವೂ ಅಲ್ಲಿ ಕೂತು ಕೊಳೆಯುತ್ತಿದೆ ಅನ್ನಿಸಿತು.

"ಗೊತ್ತಿದ್ದೂ ಕುಡೀತೀರಾ?"

"ಒಂದು ಮನ್ಯಾಗ ಬ್ಯಾಡ ಅಂದ್ರ ಉಳಿದ ಮನಿಯೋರು ಏನಂತಾರವ್ವ? ನೀನೇ ಈಗ ಏನಂದಿ?" ಕೊಟ್ಟೂರಪ್ಪ ನಕ್ಕ. "ನಮ್ಮ ಜಾತಿಯೋರು ನಿಮ್ಮ ಲೋಟಕ್ಕ ತಲಿತಲಾಂತರದಿಂದ ಬ್ಯಾಡ ಬ್ಯಾಡ ಅನ್ಕೋತನ ಬಂದಾರ. ಇನ್ನೊಂದು ಬ್ಯಾಡ ನನ್ನ ಬಾಯಾಗ ಬರಬಾರದು. ಹೋದ್ರ ಒಂದು ಬೆರಳು."

ಅವನು ಲೋಟ ಎತ್ತಿದ. ರಂಗವ್ವನಿಗೆ ಸಿಟ್ಟು ತಡೆಯಲಾಗಲಿಲ್ಲ. ಎಂಥ ದರಿದ್ರದ್ದು ಈ ಜಾತಿ ಅನ್ನೋದು! ಮನುಷ್ಯ ಮನುಷ್ಯನೇ ಅಂತ ತೋರಿಸಲು ಒಬ್ಬ ವಿಷ ಕುಡಿಯಬೇಕು, ಅವನು ಕುಡಿದನೋ ಇಲ್ಲವೋ ಎಂದು ಬಡವರು ಕಣ್ಣಿಟ್ಟು ಕಾಯಬೇಕು! ಕಟ್ಟಳೆ ಬರೆದವರು ಎಲ್ಲೋ ತಣ್ಣಗೆ ಕೂತಿದ್ದಾರೆ. ಕಾಲು ಕೊಳೆಯುತ್ತಿರುವುದು ಇವನದು.

ಅವಳು ಲೋಟ ಕಸಿದುಕೊಂಡಳು. ಅವನು ಒಂದು ಗುಟುಕು ಕುಡಿದಿದ್ದ ಅದೇ ಲೋಟವನ್ನು ತುಟಿಗಿಟ್ಟು ಗಟಗಟ ಕುಡಿದಳು. ಅರ್ಧಕ್ಕೇ ಮುಖ ಕಿವುಚಿದಳು.

"ಥೂ! ಇದೇನು ಕಾಫಿನಾ, ಪಾನಕಾನಾ? ಗಂಟಲಿಗೆ ಅಂಟ್ತದಲ್ಲೋ!"

"ನೀನೇ ಮಾಡಿದ್ದಲ್ಲೇನಕ್ಕ?" ಎಂದ ಹಿದಾಯತ್.

"ಮಾಡೀನಿ. ಯಾವತ್ತು ಕುಡಿದೀನಿ?"

ರಂಗವ್ವ ಒಲೆಯ ಕಡೆ ತಿರುಗಿದಳು. ಒಲೆಯ ಪಕ್ಕದಲ್ಲಿ ಮಸಿ ಹಿಡಿದ ಚರಿಗೆಯಿತ್ತು. ಕಾಫಿಯ ಚರಟವನ್ನೇ ಮತ್ತೆ ಕುದಿಸಿದ ಕಪ್ಪು ನೀರು ಅದರಲ್ಲಿತ್ತು. ಹಾಲಿಲ್ಲ, ಸಕ್ಕರೆಯಿಲ್ಲ. ರಂಗವ್ವ ದಿನಾ ಕುಡಿಯುತ್ತಿದ್ದುದು ಅದನ್ನೇ.

"ನಮ್ಮನ್ಯಾಗ ನಾವು ಕುಡಿಯೋದು ಇದು. ಇಷ್ಟು ದಿನ ನಿಮಗೆ ಕೊಟ್ಟಿದ್ದು ದೊಡ್ಡೋರಿಗೆ ಕೊಡೋ ಕಾಫಿ." ಅವಳು ಅದನ್ನು ಲೋಟಕ್ಕೆ ಬಗ್ಗಿಸಿದಳು. "ನಮ್ಮೋರು ಅಂದ್ರ ಇದನ್ನ ಕುಡೀರಿ. ಅಷ್ಟೇ, ಜಾಸ್ತಿ ಮಾತು ಬ್ಯಾಡ."

ಕೊಟ್ಟೂರಪ್ಪ ಅವಳನ್ನೇ ನೋಡುತ್ತ ಕೂತ. ಇಷ್ಟು ವರ್ಷ ಎಲ್ಲರ ಮನೆಯಲ್ಲಿ ಕುಡಿದೂ ತಾನು ನೆಂಟನಾಗಿಯೇ ಉಳಿದಿದ್ದೆ ಎಂಬುದು ಅವನಿಗೆ ಈಗ ಹೊಳೆದಿರಬೇಕು. ಎರಡೂ ಕೈ ಚಾಚಿ ಲೋಟ ತೆಗೆದುಕೊಂಡ. ಒಂದು ಗುಟುಕಿಗೆ ಕಣ್ಣು ಮುಚ್ಚಿದವು.

"ಹೆಂಗೈತ್ರಿ?" ಎಂದ ಹಿದಾಯತ್, ನಗು ತಡೆಯುತ್ತ.

"ಬೇವಿನ ಕಷಾಯ" ಎಂದವನು ತಳದವರೆಗೂ ಕುಡಿದ.

ರಂಗವ್ವ ಸೆರಗು ಬಿಗಿದು ಬೀದಿಗಿಳಿದಳು. ಪಕ್ಕದ ಮನೆಯ ದುರುಗವ್ವ ಕೆನೆ ತೇಲುವ ಲೋಟ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಅದನ್ನ ಒಳಗಿಡು. ನೀನು ಕುಡಿಯೋದು ಏನೈತೋ ಅದನ್ನ ತಾ. ಇವರ ಕಾಲು ಉಳೀಬೇಕು."

"ಅಯ್ಯ, ನಿನಗೇನು ತಲಿ ಕೆಟ್ಟೈತೇನು? ಆ ಚರಟದ ನೀರನ್ನ ಇವರಿಗೆ ಹೆಂಗ ಕೊಡ್ಲೇ ನಾನು? ನಮ್ಮನ್ಯಾಗ ಸಕ್ಕರಿ ಇಲ್ಲಂತ ತಿಳ್ಕಂಡೀ?" ದುರುಗವ್ವನ ಕಣ್ಣು ತುಂಬಿ ಬಂದವು.

ಕೊಟ್ಟೂರಪ್ಪ ಕುಂಟುತ್ತ ಬಂದ. ಜಗಲಿಯಲ್ಲಿ ಅವನಿಗೆಂದೇ ಹಾಸಿದ್ದ ಕಂಬಳಿ ದಾಟಿ, ಒಳಗೆ ಹೋಗಿ ಒಲೆಯ ಮುಂದೆ ನೆಲದ ಮೇಲೆ ಕೂತ.

"ಬಗ್ಗಸವ್ವ. ನಾನೇನು ಹೊರಗಿನೋನಾ?" ಎಂದ.