ಪಿನ್ನು ಹಾರಿದ ಕೋಣೆ

“ಎಲ್ಲಿ ಇಟ್ಟೀಯಲೇ ನಮ್ಮವ್ವನ ತಾಳಿ?”

ಹೆಣ ತಂದ ಗಾಡಿಯ ಡ್ರೈವರ್ ಲತೇಶನ ಕಾಲರ್ ಹಿಡಿದು ಅಂಬರೀಶ ಗೋಡೆಗೆ ಒತ್ತಿದ್ದ. ದಿವಾದ ಆ ಗಲ್ಲಿಯಲ್ಲಿ ಇಬ್ಬರು ಎದುರುಬದುರು ಹಾಯುವುದಕ್ಕೂ ಜಾಗವಿಲ್ಲ; ನೋಡುವುದಕ್ಕೆ ಮಾತ್ರ ಕಿಟಕಿ, ಮೆಟ್ಟಿಲು, ನೀರಿನ ಟಾಕಿಯ ಮೇಲೆಲ್ಲ ಜನ.

“ಆಸ್ಪತ್ರೆಯಲ್ಲಿ ಕೊಟ್ಟ ಹಾಗೇ ತಂದದ್ದು ಮಾರಾಯ. ನಾನು ಬಟ್ಟೆ ಸಹ ಸರಿಸಿ ನೋಡ್ಲಿಲ್ಲ.”

“ಸುಳ್ಳ ಬೊಗಳತಿ?” ಕೆನ್ನೆಗೆ ಬಿತ್ತು. ಸಾವಿನ ಮನೆಯೆಂದು ಲತೇಶ ತಿರುಗಿ ಕೈ ಎತ್ತಲಿಲ್ಲ.

ಒಳಗೆ ಅಂಬರೀಶನ ತಾಯಿ ಸತ್ಯಮ್ಮನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಆಗಿತ್ತು. ಗಂಡ ಯಂಕಪ್ಪ ತಲೆ ಕೆಳಗೆ ಹಾಕಿ ಕೂತಿದ್ದ. ಸತ್ಯಮ್ಮನ ತಂಗಿ ಚಂದ್ರಬಾಯಿ ಬಾಗಿಲಿಗೆ ಬಂದಳು. “ಗಂಡ ಜೀವಂತ ಅದಾನು. ಬೋಳು ಕೊರಳಾಗ ಮುತ್ತೈದಿನ್ನ ಹೆಂಗ ಒಯ್ತೀರಿ?”

“ರಬಾಳೆ ರೈಲ್ವೆ ಸ್ಟೇಷನ್ನಿನಾಗೂ ಒಮ್ಮೆ ಹಿಂಗ ಬೋಳು ಕೊರಳಾಗ ಕಂಡಿದ್ಲಂತ,” ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಮಾತಿನ ಸಿಟ್ಟೂ ಲತೇಶನ ಕೆನ್ನೆಯ ಮೇಲೆಯೇ ಇಳಿಯಿತು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಒಬ್ಬ ಹುಡುಗಿ ಬಂದಳು. ಸತ್ಯಮ್ಮ ಕಸ ಗುಡಿಸುತ್ತಿದ್ದ ರಬಾಳೆಯ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಪ್ರಿಯಂವದಾ. ಕೈಯಲ್ಲಿದ್ದ ಕರವಸ್ತ್ರ ಬಿಚ್ಚಿದಳು. ಕರಿಮಣಿ, ಎರಡು ಗುಂಡು.

“ನಿನ್ನೆ ನಮ್ಮಲ್ಲೇ ಕುಸಿದು ಬಿದ್ರಲ್ಲ, ಇದು ಡ್ರಾಯರ್‌ನಲ್ಲೇ ಉಳಿದುಬಿಟ್ಟಿತ್ತು. ಮ್ಯಾಗ್ನೆಟ್ ರೂಮಿಗೆ ಹೋಗೋ ಮುಂಚೆ ದಿನಾ ತೆಗೆದಿಡ್ತಿದ್ರು. ಮನೇಲಿ ಹೇಳಿರ್ಲಿಲ್ವಾ? ಎಲ್ರಿಗೂ ಹೇಳ್ಕೊಂಡು ನಗ್ತಿದ್ರು.”

* * *

ಹೇಳಿದ್ದಳು. ರೊಟ್ಟಿ ಬಡಿಯುತ್ತಲೇ ಹೇಳಿದ್ದಳು.

“ತಾಳ್ಯಾಗಿನ ಪಿನ್ನು ಟಣ್ಣಂತ ಹಾರಿ ಹೋಗಿ ಆ ಮ್ಯಾಗ್ನೆಟ್ಟಿಗೆ ಕಚ್ಕೊಂತೋ ಅಂಬ್ರ್ಯಾ! ಅದರಾಗ ಭಾಳ ಥಂಡ್ಯಾಗ ಒಂದು ಹರಳ ಇಟ್ಟಿರ್ತಾರ. ಥಂಡ್ಯಾಗ ಅದರೊಳಗ ಕರೆಂಟ್ ತಡಿಯೋರೇ ಇಲ್ಲಂತ. ಮ್ಯಾಗ್ನೆಟ್ ಜೋರ ಮಾಡಿದಂಗ ಕಂಪ್ಯೂಟರಿನಾಗ ಒಂದು ಗೆರಿ ಏಳ್ತದ, ಬೀಳ್ತದ. ಹರಳಿನೊಳಗ ಎಲೆಕ್ಟ್ರಾನು ಹೆಂಗ ಸುತ್ತ ಹೊಡೀತಾವು ಅಂತ ಆ ಗೆರಿ ನೋಡಿ ತಿಳ್ಕೋತಾರ. ನನ್ನಂಗ ಏನ್ರಿ ಬಾಯಾರ, ದಿನಾ ಲೋಕಲ್ ಟ್ರೇನಿನಾಗ ದಿವಾ-ಠಾಣೆ-ರಬಾಳೆ, ಮತ್ತ ರಬಾಳೆ-ಠಾಣೆ-ದಿವಾ, ಅಂದೆ. ಹೂಂ ಅಂದ್ಲು ಪ್ರಿಯಂವದಾ ಬಾಯಿ! ಅದಕ್ಕ ಈಗ ನಾ ತಾಳೀನ—”

“ಕಸ ಹೊಡಿಯಾಕಿ ಕಸ ಹೊಡಿ. ಸೈನ್ಸು ನನಗ ಹೇಳಬ್ಯಾಡ.”

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು ಇಯರ್‌ಫೋನ್ ಕಿವಿಗೆ ತುರುಕಿಕೊಂಡಿದ್ದ. ಅವಳ ಬಾಯಿ ಆಡುತ್ತಲೇ ಇತ್ತು. ಆಮೇಲೆ ನಿಂತಿತು.

* * *

ಯಂಕಪ್ಪ ತಾಳಿ ಕಟ್ಟಿದ. ಕಿಸಕ್ಕೆಂದವರು ಸೆರಗು ಬಾಯಿಗೆ ಒತ್ತಿಕೊಂಡರು. ಎತ್ತುವ ಹೊತ್ತಾಯಿತು.

ಪ್ರಿಯಂವದಾ ಲತೇಶನ ಮುಖ ನೋಡಿ, “ಕೆನ್ನೆಗೆ ಏನಾಯ್ತು?” ಎಂದಳು.

“ಎಂಥದ್ದೂ ಇಲ್ಲ ಮೇಡಂ,” ಎಂದು ಅವನು ಗಲ್ಲಿಯ ತುದಿಗೆ ಹೋಗಿ ಗಾಡಿಯ ಹಿಂಬಾಗಿಲು ತೆರೆದ.

ಚಂದ್ರಬಾಯಿ ಅಂಬರೀಶನ ಬೆನ್ನಿಗೆ ತಿವಿದಳು. “ಹೋಗು, ತಪ್ಪಾತು ಅನ್ನು. ಈಗ ನಾಲಿಗಿ ಬಿದ್ದು ಹೋತೇನು?”

ಅವನು ಗಾಡಿಯ ಬಳಿಗೆ ಹೋದ. ಕೈ ಮುಗಿಯೋಣವೆಂದು ಎರಡೂ ಕೈ ಎತ್ತಿದ.

ಲತೇಶ ಥಟ್ಟನೆ ತಲೆ ಬಗ್ಗಿಸಿ, ಮೊಣಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡ.